ಹಳೆಯ ಮನೆಗೆ ಬಣ್ಣದವನನ್ನು ಕರೆಯುವ ಮುನ್ನ

ಮನೆಗೆ ಬಣ್ಣ ಹಚ್ಚಿಸಬೇಕೆಂಬ ಮಾತು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಹುಟ್ಟುತ್ತದೆ. ಮದುವೆ ಗೊತ್ತಾದಾಗ ಒಂದು ಸಲ, ದಸರೆ ಹತ್ತಿರ ಬಂದಾಗ ಇನ್ನೊಂದು ಸಲ. ಎರಡರಲ್ಲಿಯೂ ಅವಸರವೇ ಅವಸರ. ಬೀಗರು ಬರುವವರಿದ್ದಾರೆ, ಘಟ್ಟ ಹಾಕುವುದಕ್ಕೆ ಹದಿನೈದು ದಿನ ಉಳಿದಿದೆ. ಬಣ್ಣದವನೊಬ್ಬ ಸಿಕ್ಕರೆ ಸಾಕು, ಅವನಿಗೆ ಗೋಡೆಯ ವಿಚಾರ ಗೊತ್ತಿದೆಯೇ ಎಂದು ಕೇಳುವ ವ್ಯವಧಾನ ಯಾರಿಗಿದೆ? ಹೊಸ ಬಡಾವಣೆಯ ಸಿಮೆಂಟ್ ಮನೆಯಾದರೆ ಈ ಅವಸರದಿಂದ ದೊಡ್ಡ ಕೇಡೇನೂ ಆಗಲಾರದು. ಆದರೆ ರಾಯಚೂರಿನ ತೀನ್ ಕಂದೀಲ್, ಬ್ರೆಸ್ತವಾರಪೇಟೆ, ಗಾಜಗಾರಪೇಟೆಗಳ ಹಳೆಯ ಓಣಿಗಳಲ್ಲಿ, ದೇವದುರ್ಗ ಮಾನ್ವಿಗಳ ಪೇಟೆಯೊಳಗೆ, ಇಲ್ಲವೆ ಮಟಮಾರಿಯಂಥ ಊರಿನಲ್ಲಿ ಅಜ್ಜನೋ ಮುತ್ತಜ್ಜನೋ ಕಟ್ಟಿಸಿದ ಮನೆಯುಳ್ಳವರು ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಈ ಹೊತ್ತಿನ ನನ್ನ ಮಾತು ಅಂಥವರಿಗಾಗಿ.

ಮೊದಲು ಗೋಡೆಯನ್ನೇ ನೋಡೋಣ. ರಾಯಚೂರು ಕೋಟೆಯ ಒಳಗೋಡೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 1294ರಲ್ಲಿ ಅದನ್ನು ಕಟ್ಟಿದ ಸಂಗತಿಯನ್ನು ಅಲ್ಲಿಯ ಉದ್ದನೆಯ ಕಲ್ಲಿನ ಮೇಲಿನ ಶಾಸನವೇ ಹೇಳುತ್ತದೆ. ಭಾರಿ ಕಲ್ಲುಗಳನ್ನು ಕಡೆದು, ನಡುವೆ ಗಾರೆಯಿಲ್ಲದೆ, ಒಂದಕ್ಕೊಂದು ಹೊಂದಿಸಿ ನಿಲ್ಲಿಸಿದ ಗೋಡೆ ಅದು. ಅದಕ್ಕೆ ಸುಣ್ಣವೂ ಬೇಡ, ಬಣ್ಣವೂ ಬೇಡ. ನಮ್ಮ ಹಿರಿಯರಿಗೆ ಕಲ್ಲೇನೋ ಈ ಸೀಮೆಯದೇ ಸಿಕ್ಕಿತು, ಆದರೆ ರಾಜರ ಬೊಕ್ಕಸ ಅವರ ಬಳಿ ಇರಲಿಲ್ಲ. ಆದುದರಿಂದ ಅವರು ಒರಟು ಕಲ್ಲುಗಳನ್ನು ಕೆಸರುಮಣ್ಣಿನಲ್ಲಿ ಕೂಡಿಸಿ ದಪ್ಪನೆಯ ಗೋಡೆ ಎಬ್ಬಿಸಿದರು. ಮೇಲೆ ಸುಣ್ಣದ ಗಾರೆ ಬಳಿದರು. ತೊಲೆ ಜಂತಿಗಳನ್ನು ಹಾಸಿ ಮಣ್ಣಿನ ಮಾಳಿಗೆ ಹಾಕಿದರು. ಇಂಥ ಗೋಡೆಯ ಬುಡದಲ್ಲಿ ಈಗಿನ ಕಟ್ಟಡಗಳಿಗೆ ಹಾಕುವಂತೆ ನೆಲದ ನೀರನ್ನು ತಡೆಯುವ ಪದರವಿಲ್ಲ. ನೆಲದ ತೇವ ಸಾವಕಾಶವಾಗಿ ಗೋಡೆಯೊಳಗೆ ಏರುತ್ತದೆ. ಏರಿದ್ದು ಸುಣ್ಣದ ಮೈಯಿಂದ ಅಷ್ಟೇ ಸಾವಕಾಶವಾಗಿ ಗಾಳಿಗೆ ಆರಿಹೋಗುತ್ತದೆ. ಕುಡಿಯುವುದು, ಬಿಡುವುದು, ಇದು ಆ ಗೋಡೆಯ ನಿತ್ಯದ ವ್ಯವಹಾರ.

ನೀರಿನ ಸಂಗಡ ಉಪ್ಪೂ ಏರುತ್ತದೆ. ಇದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಸಿಂಧನೂರುಗಳ ಕಡೆ ನೀರು ಹೆಚ್ಚಾಗಿ ನಿಂತ ಹೊಲಗಳಲ್ಲಿ ಏನಾಯಿತೆಂಬುದನ್ನು ರೈತರು ಬಲ್ಲರು. ಒಳನೀರು ಮೇಲಕ್ಕೆ ಬಂದು, ಬಿಸಿಲಿಗೆ ಆರಿ, ಎರೆಹೊಲದ ಮೇಲೆ ಬಿಳಿಯ ಸವುಳು ಬಿಟ್ಟುಹೋಯಿತು. ಪಡಸಾಲೆಯ ಗೋಡೆಯ ಕೆಳಭಾಗದಲ್ಲಿ, ಮೊಳಕಾಲಿನಿಂದ ನಡುಮಟ್ಟದವರೆಗೆ, ಹತ್ತಿಯಂತೆ ಅರಳಿ ಉದುರುವ ಬಿಳಿಯ ಪುಡಿ ಬೇರೇನೂ ಅಲ್ಲ. ಹೊಲದ ಸವುಳೇ ಗೋಡೆಯನ್ನು ಹತ್ತಿದೆ.

ಇಂಥ ಗೋಡೆಯ ಮೇಲೆ ಪುಟ್ಟಿ ಎಳೆದು ಎಣ್ಣೆಬಣ್ಣವನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಬಳಿದರೆ ನೀರು ಆರುವ ದಾರಿ ಕಟ್ಟಿಹೋಗುತ್ತದೆ. ತೇವ ಒಳಗೇ ನಿಲ್ಲುತ್ತದೆ, ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟುತ್ತದೆ, ಹರಳು ಬೆಳೆದು ಬಣ್ಣವನ್ನು ನೂಕುತ್ತದೆ. ಮೊದಲು ಗುಳ್ಳೆ, ಆಮೇಲೆ ಹಪ್ಪಳ, ಕಡೆಗೆ ಗಾರೆಯೇ ಬಣ್ಣದ ಸಂಗಡ ಕಳಚಿ ಬೀಳುತ್ತದೆ. ಮನೆಯವರು ಬಣ್ಣದವನನ್ನು ಬಯ್ಯುತ್ತಾರೆ, ಬಣ್ಣದವನು ಬಣ್ಣದ ಅಂಗಡಿಯವನನ್ನು ಬಯ್ಯುತ್ತಾನೆ. ಮುಂದಿನ ವರ್ಷ ಯಾರೋ ಬಲ್ಲವರು ಬಂದು “ಸಿಮೆಂಟ್ ಹಾಕಿಸಿಬಿಡಿ, ಪೀಡೆ ತೊಲಗುತ್ತದೆ” ಎನ್ನುತ್ತಾರೆ. ಸಿಮೆಂಟ್ ಹಾಕಿಸಿದರೆ ನೀರು ಇನ್ನೂ ಎತ್ತರಕ್ಕೆ ಏರಿ, ಸಿಮೆಂಟು ಮುಗಿದ ಜಾಗದಲ್ಲಿ ಮುಖ ತೋರಿಸುತ್ತದೆ. ಕಲ್ಲಿನ ನಡುವಣ ಮಣ್ಣು ಒಳಗೊಳಗೇ ಮೆತ್ತಗಾಗುತ್ತದೆ. ಹೀಗೆ ಹಣ ಕೊಟ್ಟು ಗೋಡೆಯ ಆಯುಷ್ಯ ಕಡಿಮೆ ಮಾಡಿಕೊಂಡ ಮನೆಗಳು ನಮ್ಮ ಓಣಿಗಳಲ್ಲಿ ಬೇಕಾದಷ್ಟಿವೆ.

ಹಾಗಾದರೆ ಬಣ್ಣದವನನ್ನು ಆರಿಸುವುದು ಹೇಗೆ? ನನ್ನ ಮಟ್ಟಿಗೆ ಒಂದೇ ಪರೀಕ್ಷೆ ಸಾಕು. ಮನೆಗೆ ಕರೆಯಿರಿ, ಚಹಾ ಕೊಡಿರಿ, ಸುಮ್ಮನೆ ಕೂತು ನೋಡಿರಿ. ಬಂದವನು ಮೊದಲು ಬಣ್ಣದ ಪಟ್ಟಿ ಬಿಚ್ಚಿ “ಯಾವ ಕಲರ್ ಬೇಕ್ರಿ?” ಎಂದರೆ ಸ್ವಲ್ಪ ತಡೆಯಿರಿ. ಬಂದವನು ಮೊದಲು ಗೋಡೆಯ ಹತ್ತಿರ ಹೋಗಿ, ಅಂಗೈಯಿಂದ ಒರಸಿ, ಬೆರಳಿನ ಗೆಣ್ಣಿನಿಂದ ಬಡಿದು, ಎಲ್ಲಿ ಟೊಳ್ಳು ಸಪ್ಪಳ ಬರುತ್ತದೆಂದು ಕಿವಿಗೊಟ್ಟರೆ ಅವನನ್ನು ಬಿಡಬೇಡಿರಿ. ಅಂಗೈಗೆ ಬಿಳಿ ಹತ್ತಿದರೆ ಸುಣ್ಣ. ನೀರು ಚಿಮುಕಿಸಿದಾಗ ಹೀರಿಕೊಂಡರೆ ಸುಣ್ಣ, ಮುತ್ತಾಗಿ ಉರುಳಿದರೆ ಪ್ಲಾಸ್ಟಿಕ್ ಬಣ್ಣ. ಇಷ್ಟು ಮಾಡಿ ಅವನು ಹೀಗೆನ್ನಬಹುದು: “ಅಕ್ಕಾರ, ಈ ಗ್ವಾಡಿ ಇನ್ನಾ ಹಸಿ ಐತ್ರಿ. ಬಚ್ಚಲ ಕಡಿಂದ ನೀರು ಬರಾಕತ್ತೈತಿ. ಅದನ್ನ ಮೊದಲ ಬಂದ್ ಮಾಡಿಸ್ರಿ, ಆಮ್ಯಾಗ ನಾ ಬರ್ತೀನಿ.” ಕೈಗೆ ಬಂದ ಕೆಲಸವನ್ನು ಮುಂದಕ್ಕೆ ಹಾಕುವ ಮನುಷ್ಯ ದೊರೆಯುವುದು ಅಪರೂಪ. ಅಂಥವನಿಗೆ ದಿನಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅವನು ಹೇಳಿದಂತೆ ನೀರಿನ ಮೂಲವನ್ನು ಹುಡುಕುವುದು ನಿಮ್ಮ ಕೆಲಸ, ಬಣ್ಣದವನದಲ್ಲ. ಕಲೆ ಮೇಲಿನಿಂದ ಇಳಿದಿದ್ದರೆ ಮಾಳಿಗೆಯ ಮಣ್ಣನ್ನೂ ನೀರು ಹೋಗುವ ದೋಣಿಯನ್ನೂ ನೋಡಿರಿ. ಕೆಳಗಿನಿಂದ ಏರಿದ್ದರೆ ಗೋಡೆಯ ಬುಡವನ್ನು ನೋಡಿರಿ. ಓಣಿಯ ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟು ಹಾಕಿ ಹಾಕಿ ಈಗ ರಸ್ತೆಯೇ ಕಟ್ಟೆಗಿಂತ ಎತ್ತರವಾಗಿರುವ ಮನೆಗಳುಂಟು. ಅಲ್ಲಿ ಮಳೆಯ ನೀರು ಗೋಡೆಗೇ ಬಂದು ನಿಲ್ಲುತ್ತದೆ. ಎಷ್ಟು ದುಬಾರಿಯ ಬಣ್ಣವಾದರೂ ಅದನ್ನು ತಡೆಯಲಾರದು.

ಇನ್ನು ಕಾಲದ ಮಾತು. ಇದನ್ನು ಹೇಳಿದರೆ ಹಿರಿಯರಿಗೆ ಸಿಟ್ಟು ಬರಬಹುದು. ನಮ್ಮ ಸೀಮೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರಿನಲ್ಲಿ. ಎಂದರೆ ಗೋಡೆ ಹೊಟ್ಟೆತುಂಬ ನೀರು ಕುಡಿದು ಕುಳಿತ ಹೊತ್ತಿಗೇ ನಾವು ದಸರೆಯ ಬಣ್ಣಕ್ಕೆ ಹೊರಡುತ್ತೇವೆ. 2009ನ್ನು ನೆನೆಯಿರಿ. ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಿದ್ದಿತ್ತು. ಹಬ್ಬ ಮುಗಿಯಿತೋ ಇಲ್ಲವೋ, ಮುಂದಿನ ನಾಲ್ಕಾರು ದಿನಗಳಲ್ಲಿ ಸುರಿದ ಮಳೆಗೆ ಹೊಳೆಗಳೆರಡೂ ಉಕ್ಕಿದವು, ಮಂತ್ರಾಲಯ ಮುಳುಗಿತು, ಜಿಲ್ಲೆಯಲ್ಲಿ ಮಣ್ಣಿನ ಗೋಡೆಗಳು ಕುಸಿದು ಎಷ್ಟೋ ಕುಟುಂಬಗಳು ಬೀದಿಗೆ ಬಂದವು. ಅಂಥ ವರ್ಷ ಪ್ರತಿಸಲ ಬರುವುದಿಲ್ಲವೆಂಬುದು ನಿಜ. ಆದರೂ ಹಬ್ಬಕ್ಕೆ ಧೂಳು ಹೊಡೆದು, ತಲಬಾಗಿಲಿಗೆ ಕೆಮ್ಮಣ್ಣು ಸುಣ್ಣ ಬಳಿದು ತೋರಣ ಕಟ್ಟಿದರೆ ದೇವಿಗೆ ಸಾಲದೇ? ಗೋಡೆಯ ದೊಡ್ಡ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿದು ಶಿವರಾತ್ರಿಯೊಳಗೆ ಮುಗಿಸಬಹುದು. ಅದನ್ನು ದಾಟಿ ಬಿಸಿಲಿಗೆ ಬಿಡುವುದೂ ಸರಿಯಲ್ಲ. ಸುಣ್ಣ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ. ಹಸಿಯಿರುವಾಗ ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಅದು ಮತ್ತೆ ಕಲ್ಲಾಗಬೇಕು. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಅದು ಕಲ್ಲಾಗುವ ಮೊದಲೇ ಒಣಗಿ, ಒರಗಿದವರ ಅಂಗಿಗೆಲ್ಲ ಹತ್ತುತ್ತದೆ.

ಸುಣ್ಣವೆಂದರೆ ಬಡತನದ ಗುರುತೆಂದು ಈಚೆಗೆ ಕೆಲವರು ತಿಳಿದಿದ್ದಾರೆ. ಸರಿಯಾಗಿ ಮಾಡಿದ ಸುಣ್ಣವನ್ನು ಅವರು ನೋಡಿಲ್ಲವೆಂದು ಕಾಣುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಲ್ಲಿ ಅದರ ಕ್ರಮವಿದೆ: ಒಂದು ಕಿಲೋ ಸುಣ್ಣದ ಹರಳಿಗೆ ಸುಮಾರು 5 ಲೀಟರ್ ನೀರು, ಅರಳಿಸಿ 24 ಗಂಟೆ ಬಿಡುವುದು, ಬಟ್ಟೆಯಲ್ಲಿ ಸೋಸುವುದು, ಸೋಸಿದ ಹಾಲಿಗೆ 10 ಲೀಟರಿಗೆ 40 ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿದ ಗೋಂದು, ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ. ಹೊಸ ಗಾರೆಗೆ ಮೂರು ಕೈ. ಪ್ರತಿ ಕೈಯೂ ತೆಳುವಾಗಿರಬೇಕು, ಒಂದು ಆರಿದ ಮೇಲೆ ಇನ್ನೊಂದು. ದಪ್ಪಗೆ ಒಂದೇ ಕೈ ಬಳಿದು ಹೋಗುವವನು ಸುಣ್ಣದ ಹೆಸರು ಕೆಡಿಸುವವನು. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿಕೊಳ್ಳಬೇಕು. ಹಿಂದೆ ಯಾರಾದರೂ ಪ್ಲಾಸ್ಟಿಕ್ ಬಣ್ಣ ಹಚ್ಚಿದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ. ಹರಳು ಅರಳಿಸುವಾಗ ನೀರು ಕೊತಕೊತ ಕುದಿಯುತ್ತದೆ. ಮಕ್ಕಳು ಹತ್ತಿರ ಸುಳಿಯದಿರಲಿ, ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆದು ವೈದ್ಯರ ಬಳಿಗೆ ಹೋಗಬೇಕು.

ಗೋಡೆಗಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ಬಾಗಿಲು ಕಿಟಕಿಗಳ ವಿಷಯದಲ್ಲಿ. ಹಳೆಯ ಕದಗಳ ಮೇಲೆ ಹಸಿರು, ನೀಲಿ, ಹಳದಿ ಎಣ್ಣೆಬಣ್ಣ ಪದರ ಪದರವಾಗಿ ಕೂತಿರುತ್ತದೆ. ಆ ಕಾಲದ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆಸುವುದು ವಾಡಿಕೆಯಾಗಿತ್ತು. ಕಿಟಕಿಯ ಸರಳುಗಳಿಗೆ ಹಚ್ಚುತ್ತಿದ್ದ ಕೆಂಪು ಅಸ್ತರಿನಲ್ಲಂತೂ ಸೀಸವೇ ಮುಖ್ಯ. ನಮ್ಮ ದೇಶದಲ್ಲಿ ಮನೆಬಣ್ಣದೊಳಗಿನ ಸೀಸಕ್ಕೆ ಹತ್ತು ಲಕ್ಷ ಭಾಗಕ್ಕೆ 90 ಭಾಗವೆಂಬ ಮಿತಿಯನ್ನು ಹಾಕಿದ ನಿಯಮ 2016ರಲ್ಲಿ ಹೊರಟು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಣ್ಣವನ್ನು ಸೀಸದ್ದೆಂದೇ ಎಣಿಸಿ ನಡೆದುಕೊಳ್ಳುವುದು ಜಾಣತನ. ಬಣ್ಣ ಮರದ ಮೇಲೆ ಗಟ್ಟಿಯಾಗಿರುವವರೆಗೆ ಭಯವಿಲ್ಲ. ಒಣದಾಗಿ ಉಜ್ಜಿದಾಗ, ಬೆಂಕಿ ಹಿಡಿದು ಸುಟ್ಟಾಗ ಅದು ಧೂಳಾಗಿ, ಹೊಗೆಯಾಗಿ ಮನೆ ತುಂಬುತ್ತದೆ. ಅಂಬೆಗಾಲಿಡುವ ಮಗು ನೆಲಕ್ಕೆ ಕೈಯೂರಿ ಅದೇ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟಾದರೆ ಬಾಧಕವಿಲ್ಲ ಎನ್ನುವ ಅಳತೆಯೇ ಅದಕ್ಕಿಲ್ಲ. ಬಸುರಿಯ ಮೂಲಕ ಗರ್ಭದ ಕೂಸಿಗೂ ಅದು ಮುಟ್ಟುತ್ತದೆ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ತೊಟ್ಟಿಲಿಗೆ ಜನ ಬರುತ್ತಾರೆ ಎಂದು ಆ ದಿನಗಳಲ್ಲಿಯೇ ಬಾಗಿಲು ಉಜ್ಜಿಸುವ ಮನೆಗಳುಂಟು. ದಯವಿಟ್ಟು ಹಾಗೆ ಮಾಡಬೇಡಿರಿ.

ಉಜ್ಜಲೇಬೇಕಾದರೆ ಕದವನ್ನು ಕಳಚಿ ಹೊರಗೆ ಒಯ್ದು, ನೀರು ಹಾಕಿ, ನೀರಿಗೆ ತಡೆಯುವ ಉಜ್ಜುಕಾಗದದಿಂದ ಉಜ್ಜಿಸಿರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದದ್ದನ್ನು ಮಡಿಚಿ ಕಟ್ಟಿ ತೆಗೆಯಿರಿ. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿರಿ. ಕೂಸು ಬಸುರಿಯರು ಆ ದಿನಗಳಲ್ಲಿ ನೆಂಟರ ಮನೆಯಲ್ಲಿರಲಿ. ಹಾಗೆಯೇ, ಈ ಧೂಳನ್ನು ಎಲ್ಲರಿಗಿಂತ ಹೆಚ್ಚಾಗಿ ನುಂಗುವವನು ಬಣ್ಣದವನು. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಬಾಯಿಗೆ ಕಟ್ಟಿಕೊಳ್ಳಲು ಒಳ್ಳೆಯ ಮುಖವಸ್ತ್ರ, ಊಟಕ್ಕೆ ಮುಂಚೆ ಕೈತೊಳೆಯಲು ಸಾಬೂನು, ಮನೆಗೆ ಹೋಗುವಾಗ ಅಂಗಿ ಬದಲಿಸಿಕೊಳ್ಳಲು ಒಂದು ಮರೆ, ಇಷ್ಟನ್ನು ಕೊಡುವುದು ಮನೆಯ ಯಜಮಾನರಿಗೆ ಭಾರವಾಗದು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಗುತ್ತಿಗೆ ಕೊಟ್ಟರೆ ಚದರಡಿಯ ಲೆಕ್ಕ, ಇಲ್ಲವೆ ದಿನಗೂಲಿ. ಹಳೆಯ ಮನೆಗೆ ಕೆರೆಯುವ, ಗಾರೆ ತಿದ್ದುವ ಕೆಲಸವನ್ನು ದಿನಗೂಲಿಗೆ ಕೊಟ್ಟು, ಬಣ್ಣ ಹಚ್ಚುವುದನ್ನು ಮಾತ್ರ ಚದರಡಿಗೆ ಗೊತ್ತುಮಾಡುವುದು ಲೇಸು. ಎಲ್ಲವನ್ನೂ ಚದರಡಿಗೆ ಕೊಟ್ಟರೆ ಕಣ್ಣಿಗೆ ಕಾಣದ ಕೆಲಸದಲ್ಲಿಯೇ ಕತ್ತರಿ ಬೀಳುತ್ತದೆ. ಎಷ್ಟು ಕೈ, ಸಾಮಾನು ಯಾರದು, ಬಾಗಿಲು ಕಿಟಕಿಯ ಜಾಗವನ್ನು ಕಳೆಯುವುದೋ ಬಿಡುವುದೋ, ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿರಿ. ಒಂದು ಮೂಲೆಯಲ್ಲಿ ಮೂರಡಿ ಚೌಕದಷ್ಟು ಮಾದರಿ ಹಚ್ಚಿಸಿ, ವಾರ ಬಿಟ್ಟು ನೋಡಿ, ಆಮೇಲೆ ಮುಂಗಡ ಕೊಡಿರಿ. ಕೆಲಸ ಮುಗಿದಾಗ ಕೂಲಿಯನ್ನು ಅಲೆದಾಡಿಸದೆ ಕೈಯಲ್ಲಿಡಿರಿ.

ಕಡೆಯದಾಗಿ ಒಂದು ಸಣ್ಣ ಸೂಚನೆ. ಗೋಡೆಯಲ್ಲಿರುವ ಕಪಾಟಿನ ಬಾಗಿಲ ಒಳಮೈ ಮೇಲೆ ಪೆನ್ಸಿಲಿನಿಂದ ಹೀಗೆ ಬರೆದಿಡಿರಿ: ಯಾವ ವರ್ಷ, ಯಾವ ತಿಂಗಳು, ಯಾವ ಕೋಣೆಗೆ ಸುಣ್ಣ, ಯಾವುದಕ್ಕೆ ಬಣ್ಣ, ಎಷ್ಟು ಕೈ, ಬಣ್ಣದವನ ಹೆಸರು ಮತ್ತು ಫೋನ್ ನಂಬರು. ಹತ್ತು ವರ್ಷದ ಮೇಲೆ ನಿಮ್ಮ ಸೊಸೆ ಇನ್ನೊಬ್ಬ ಬಣ್ಣದವನನ್ನು ಕರೆದು ಗೋಡೆ ತೋರಿಸುವಾಗ ಆ ಬಾಗಿಲನ್ನು ತೆರೆದರೆ ಸಾಕು.