ಕ್ಲಚ್ಚಿನ ಎಣ್ಣೆ ಎಲ್ಲಿ ಹೋಯಿತು?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ವಾಹನಗಳ ನಿರ್ವಹಣೆ ಕುರಿತು ಮಾಡಿದ ಭಾಷಣ)



ಬೆಳಗಿನಿಂದ ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಕುರಿತು ಡಾಕ್ಟರುಗಳು ಹೇಳಿದ್ದನ್ನು ಕೇಳಿದ್ದೀರಿ. ಈಗ ಕ್ಲಚ್ಚಿನ ವಿಷಯ ಹೇಳಲು ನನ್ನನ್ನು ನಿಲ್ಲಿಸಿದ್ದಾರೆ. ಹಾಲಿಗೂ ಕ್ಲಚ್ಚಿಗೂ ಏನಪ್ಪಾ ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಕರೆದ ಹಾಲು ಮೈಬಿಸಿಯಲ್ಲಿ, ಅಂದರೆ 37-38 ಡಿಗ್ರಿಯಲ್ಲಿ ಇರುತ್ತದೆ. ರೋಗಾಣುಗಳನ್ನು ತಡೆಯುವ ಅದರ ಸ್ವಂತ ಶಕ್ತಿ ಎರಡು ಮೂರು ಗಂಟೆಗೆ ಮುಗಿಯುತ್ತದೆ. ಅಷ್ಟರೊಳಗೆ ಅದು ತಣ್ಣಗಾಗಬೇಕು. ಮಾಗಡಿ ಕಡೆಯ ಏರಿನಲ್ಲಿ ಕ್ಯಾನ್ ತುಂಬಿದ ಗಾಡಿಯ ಗೇರ್ ಬೀಳದೆ ನಿಂತರೆ, ಎರಡು ಹೊತ್ತು ನೀವು ಪಟ್ಟ ಶ್ರಮ ರಸ್ತೆಯ ಬದಿಯಲ್ಲೇ ಹುಳಿಯಾಗುತ್ತದೆ. ಸಂಬಂಧ ಇಷ್ಟೇ ಅಲ್ಲ, ಇದಕ್ಕಿಂತ ದೊಡ್ಡದೊಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಕ್ಲಚ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು ವೈರಿನದು. ಮಾರುತಿ 800, ಓಮ್ನಿ ಗಾಡಿಗಳಲ್ಲಿ ಇದ್ದದ್ದು ಅದೇ. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅವು ಇನ್ನೂ ಓಡಾಡುತ್ತಿವೆ. ವೈರ್ ತುಂಡಾದರೆ ಹೊಸದು ಹಾಕಿಸಿಕೊಳ್ಳಿ, ಅದರಲ್ಲಿ ಹೆಚ್ಚು ಹೇಳುವುದಿಲ್ಲ. ಇನ್ನೊಂದು ಎಣ್ಣೆಯ ಒತ್ತಡದ್ದು. ಅನೇಕ ಜೀಪು, ಪಿಕಪ್ ಮತ್ತು ಕಾರುಗಳಲ್ಲಿ ಇರುವುದು ಇದು. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಪೆಡಲಿನ ಮೇಲ್ಭಾಗದಿಂದ ಇಂಜಿನ್ ಕಡೆಗೆ ಹೋಗುವುದು ಏನೆಂದು ನೋಡಿ. ವೈರಿದ್ದರೆ ವೈರಿನದು, ಸಣ್ಣ ಪೈಪಿದ್ದರೆ ಎಣ್ಣೆಯದು.

ಎಣ್ಣೆಯ ಕ್ಲಚ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಪಶುವೈದ್ಯರ ಸಿರಿಂಜನ್ನು ನೆನೆಸಿಕೊಂಡರೆ ಸಾಕು. ಎರಡು ಸಿರಿಂಜುಗಳ ಬಾಯಿಗೆ ಒಂದೇ ನಳಿಕೆ ಸಿಕ್ಕಿಸಿದ್ದೀರಿ, ಒಳಗೆಲ್ಲ ದ್ರವ ತುಂಬಿದೆ ಎಂದುಕೊಳ್ಳಿ. ಒಂದನ್ನು ಒತ್ತಿದರೆ ಇನ್ನೊಂದರ ದಂಡ ಹೊರಕ್ಕೆ ಬರುತ್ತದೆ. ಕಾಲಿನ ಕೆಳಗಿನ ಸಿರಿಂಜ್ ಮಾಸ್ಟರ್ ಸಿಲಿಂಡರ್. ಗೇರ್ ಬಾಕ್ಸಿನ ಹತ್ತಿರ ಇರುವುದು ಸ್ಲೇವ್ ಸಿಲಿಂಡರ್. ಸ್ಲೇವಿನ ದಂಡ ಕ್ಲಚ್ಚಿನ ಫೋರ್ಕನ್ನು ತಳ್ಳಿದಾಗ ಇಂಜಿನಿಗೂ ಗೇರಿಗೂ ಇದ್ದ ಹಿಡಿತ ಬಿಡುತ್ತದೆ. ಚುಚ್ಚುಮದ್ದು ಹಾಕುವ ಮೊದಲು ಡಾಕ್ಟರು ಸಿರಿಂಜನ್ನು ಮೇಲೆತ್ತಿ ಗಾಳಿ ಹೊರಗೆ ಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ನೀವು ಕಾಲಿನಿಂದ ಕೊಟ್ಟ ಬಲ ಗಾಳಿಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ, ಫೋರ್ಕ್ ಪೂರ್ತಿ ಸರಿಯುವುದಿಲ್ಲ.

ಗೇರ್ ಬೀಳದಿದ್ದರೆ ಮೆಕ್ಯಾನಿಕನ ಬಳಿಗೆ ಓಡುವ ಮೊದಲು ನೀವೇ ಒಂದಿಷ್ಟು ನೋಡಬಹುದು. ಮೊದಲು ಕಾಲಿನ ಕೆಳಗಿನ ಮ್ಯಾಟ್ ನೋಡಿ. ನಗಬೇಡಿ, ಒಂದರ ಮೇಲೊಂದು ಎರಡು ಮ್ಯಾಟ್ ಹಾಕಿ ಪೆಡಲ್ ಪೂರ್ತಿ ಇಳಿಯದ ಗಾಡಿಗಳನ್ನು ನಾನೇ ಸರಿಮಾಡಿದ್ದೇನೆ. ಅದಾದ ಮೇಲೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ನಿಧಾನವಾಗಿ ಓಡಲು ಬಿಡಿ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಕರಕರ ಎಂದು ಹಲ್ಲು ಕಡಿದರೆ ಹಿಡಿತ ಪೂರ್ತಿ ಬಿಟ್ಟಿಲ್ಲ. ಈಗ ಪೆಡಲನ್ನು ಬೇಗಬೇಗ ಐದಾರು ಸಲ ಒತ್ತಿ ಬಿಟ್ಟು ಮತ್ತೆ ಹಾಕಿ ನೋಡಿ. ಸದ್ದಿಲ್ಲದೆ ಬಿದ್ದರೆ ದೋಷ ಎಣ್ಣೆಯ ದಾರಿಯಲ್ಲಿದೆ: ಗಾಳಿ ಹಿಡಿದಿರಬಹುದು, ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೇ ರಬ್ಬರ್ ಸವೆದಿರಬಹುದು. ಎಷ್ಟು ಸಲ ಒತ್ತಿದರೂ ಬೀಳದೆ, ಕೆಳಗೆ ಸ್ಲೇವಿನ ದಂಡ ಮಾತ್ರ ಚೆನ್ನಾಗಿ ಸರಿಯುತ್ತಿದ್ದರೆ ದೋಷ ಒಳಗೆ, ಪ್ಲೇಟು ಫೋರ್ಕುಗಳಲ್ಲಿ ಇದೆ. ಆಗ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗೇರ್ ಬೀಳುವುದಿಲ್ಲ ಎಂದ ಕೂಡಲೆ ಕ್ಲಚ್ ಪ್ಲೇಟ್ ಹೋಗಿದೆ ಎಂದು ಪೂರ್ತಿ ಸೆಟ್ ಬದಲಿಸಿ, ಸಾವಿರಾರು ರೂಪಾಯಿ ಕಳೆದುಕೊಂಡವರು ಈ ಸಭೆಯಲ್ಲೂ ಇದ್ದಾರೆ. ಬದಲಿಸಿದ ಮರುದಿನ ಅದೇ ಕರಕರ. ತಪ್ಪು ಇದ್ದದ್ದು ಕೆಲವು ನೂರು ರೂಪಾಯಿಯ ರಬ್ಬರಿನಲ್ಲಿ. ಪ್ಲೇಟ್ ಸವೆದಾಗ ಕಾಣುವ ಲಕ್ಷಣವೇ ಬೇರೆ: ಗೇರ್ ಸಲೀಸಾಗಿ ಬೀಳುತ್ತದೆ, ಆದರೆ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಹತ್ತುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದಕ್ಕೊಂದು ಅಪವಾದವಿದೆ. ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡರೆ ಒತ್ತಡ ಒಳಗೇ ಉಳಿದು ಒಳ್ಳೆಯ ಪ್ಲೇಟೂ ಜಾರುತ್ತದೆ. ಹಾಗೆ ಜಾರುವಾಗ ಸ್ಲೇವಿನ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಪ್ಲೇಟ್ ಮತ್ತೆ ಹಿಡಿದರೆ ಪ್ಲೇಟಿನ ಗೊಡವೆಗೆ ಹೋಗಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಲಚ್ಚಿನ ಎಣ್ಣೆ ಇಂಜಿನ್ ಎಣ್ಣೆಯಂತೆ ಉರಿದು ಹೋಗುವುದಿಲ್ಲ. ಅದು ಮುಚ್ಚಿದ ದಾರಿಯಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಅಷ್ಟೆ. ಕ್ಲಚ್ಚಿಗೇ ಬೇರೆ ಡಬ್ಬಿಯಿರುವ ಎಷ್ಟೋ ಗಾಡಿಗಳಲ್ಲಿ ಪ್ಲೇಟ್ ಸವೆದಂತೆ ಸ್ಲೇವಿನ ಪಿಸ್ಟನ್ ಒಳಕ್ಕೆ ಸರಿದು ಡಬ್ಬಿಯ ಮಟ್ಟ ಸ್ವಲ್ಪ ಏರುತ್ತದೆ. ಹೀಗಿರುವಾಗ ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ. ಡಬ್ಬಿಗೆ ಸುರಿಯುವ ಮೊದಲು ಎಲ್ಲಿ ಹೋಯಿತು ಎಂದು ಹುಡುಕಿ.

ಹುಡುಕುವ ಜಾಗಗಳು ಹೆಚ್ಚಿಲ್ಲ. ಡ್ರೈವರ್ ಸೀಟಿನ ಮುಂದೆ ಬಗ್ಗಿ ಪೆಡಲಿನ ಮೇಲ್ತುದಿಯ ದಂಡ ಮುಟ್ಟಿ ನೋಡಿ, ಒದ್ದೆಯಿದ್ದರೆ ಮಾಸ್ಟರ್ ಸೋರುತ್ತಿದೆ. ಆಮೇಲೆ ಗಾಡಿಯ ಕೆಳಗೆ ಹೋಗಿ ಸ್ಲೇವಿನ ರಬ್ಬರ್ ಟೋಪಿಯ ಅಂಚನ್ನು ಬೆರಳಿನಿಂದ ಬಿಡಿಸಿ. ಹಾಲು ಕರೆಯುವ ಮುಂಚೆ ಮೊದಲ ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ಗರಣೆಯಿದೆಯೇ ಎಂದು ನೋಡುತ್ತೀರಲ್ಲ, ಇದೂ ಹಾಗೆಯೇ. ಒಳಗೆ ಒಣಗಿದ್ದರೆ ಸರಿ, ಎಣ್ಣೆ ನಿಂತಿದ್ದರೆ ರಬ್ಬರ್ ಹೋಗಿದೆ, ಎಣ್ಣೆ ಕಪ್ಪಗಿದ್ದರೆ ರಬ್ಬರ್ ತೇಯ್ದು ಪುಡಿಯಾಗುತ್ತಿದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ರಬ್ಬರ್ ಪೈಪನ್ನು ಹಿಡಿದರೆ ಅದು ಉಬ್ಬುವುದೂ ಗೊತ್ತಾಗುತ್ತದೆ. ಎಲ್ಲೂ ಹೊರಗೆ ಸೋರದಿದ್ದರೂ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ತಾನೇ ಕೆಳಕ್ಕಿಳಿದರೆ ಮಾಸ್ಟರಿನ ಒಳ ವಾಷರ್ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿದೆ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಬೆಲ್ಲಿನ ಒಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೆಳಗೆ ತೊಟ್ಟಿಕ್ಕಿದ ಎಣ್ಣೆ ಯಾವುದೆಂದು ತಿಳಿಯಲು ಒಂದು ಲೋಟ ನೀರಿಗೆ ಎರಡು ಹನಿ ಹಾಕಿ. ಬ್ರೇಕ್ ಎಣ್ಣೆ ನೀರಿನಲ್ಲಿ ಬೆರೆಯುತ್ತದೆ, ಇಂಜಿನ್ ಎಣ್ಣೆ ತೇಲುತ್ತದೆ. ಇಂಥ ಕಾರಿಗೆ ಕ್ಲಚ್ ಪ್ಲೇಟ್ ಹಾಕಿಸುವಾಗ ಸ್ಲೇವನ್ನೂ ಬದಲಿಸಿಬಿಡಿ. ಅದಕ್ಕಾಗಿ ಇನ್ನೊಮ್ಮೆ ಗೇರ್ ಬಾಕ್ಸ್ ಇಳಿಸುವ ಕೂಲಿ ಉಳಿಯುತ್ತದೆ.

ಆಗಲೇ ಹೇಳಿದ ದೊಡ್ಡ ಸಂಬಂಧ ಇದು. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ಎಣ್ಣೆ ಹೋಗುತ್ತದೆ. ಕ್ಲಚ್ಚಿಗೆ ಹೋಗುವ ಪೈಪಿನ ಬಾಯಿಯನ್ನು ಬೇಕೆಂದೇ ಮೇಲೆ ಇಟ್ಟಿರುತ್ತಾರೆ. ಎಣ್ಣೆ ಇಳಿದರೆ ಮೊದಲು ಕ್ಲಚ್ ಕೈಕೊಡಲಿ, ಬ್ರೇಕ್ ಉಳಿಯಲಿ ಎಂಬುದು ತಯಾರಿಸಿದವರ ವಿಚಾರ. ಅಂದರೆ ಇಂಥ ಗಾಡಿಯಲ್ಲಿ ಸೋರಿಕೆ ಬ್ರೇಕಿನ ಚಕ್ರದ ಬಳಿಯೇ ಇದ್ದರೂ ಮೊದಲು ಸತ್ತು ತೋರಿಸುವುದು ಕ್ಲಚ್. ಅದನ್ನು ತಾತ್ಸಾರ ಮಾಡಿ ಗೇರನ್ನು ಬಲವಂತವಾಗಿ ಬೀಳಿಸಿಕೊಂಡು ಓಡಿಸಿದವನಿಗೆ ಎರಡನೆಯ ಎಚ್ಚರಿಕೆ ಸಂಗಮದ ಇಳಿಜಾರಿನಲ್ಲೋ ಮಂಚನಬೆಲೆಯ ತಿರುವಿನಲ್ಲೋ ಸಿಗುತ್ತದೆ.

ನಾನು ನೋಡಿದ ಒಂದು ಪ್ರಸಂಗ. ಚನ್ನಪಟ್ಟಣದ ಕಡೆಯ ಒಬ್ಬ ಸದಸ್ಯರು ವಾರಕ್ಕೊಮ್ಮೆ ಡಬ್ಬಿಗೆ ಎಣ್ಣೆ ಸುರಿದುಕೊಂಡು ಮೂರು ತಿಂಗಳು ಕಾರು ಓಡಿಸಿದರು. ಒಂದು ದಿನ ಬ್ರೇಕ್ ಎಣ್ಣೆ ಸಿಗಲಿಲ್ಲ. ಎಣ್ಣೆ ಎಣ್ಣೆಯೇ ತಾನೆ ಎಂದು ಮನೆಯಲ್ಲಿದ್ದ ಇಂಜಿನ್ ಎಣ್ಣೆ ಹಾಕಿದರು. ಎರಡು ಮೂರು ದಿನ ಎಲ್ಲ ಸರಿಯಾಗಿತ್ತು, ಕ್ಲಚ್ ಮೊದಲಿಗಿಂತ ಗಟ್ಟಿಯಾಗಿದೆ ಎಂದು ನನಗೇ ಹೇಳಿದರು. ಅದು ರಬ್ಬರ್ ಉಬ್ಬುತ್ತಿದ್ದ ಗಟ್ಟಿ. ನಾಲ್ಕನೆಯ ದಿನ ಒತ್ತಿದ ಬ್ರೇಕ್ ಬಿಡಲೇ ಇಲ್ಲ. ಚಕ್ರಗಳಿಂದ ಹೊಗೆ ಬಂದು ಗಾಡಿ ದಾರಿಯಲ್ಲಿ ನಿಂತಿತು, ಡಿಕ್ಕಿಯಲ್ಲಿದ್ದ ಎರಡು ಕ್ಯಾನ್ ಹಾಲು ಒಡೆಯಿತು. ಕ್ಲಚ್ ಮತ್ತು ಬ್ರೇಕಿನ ಒಂದೊಂದು ರಬ್ಬರನ್ನೂ ತೆಗೆದು, ಪೈಪುಗಳನ್ನು ತೊಳೆದು, ಹೊಸದು ಹಾಕಬೇಕಾಯಿತು. ಇಂಜಿನ್ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಇವುಗಳ ಒಂದು ಹನಿಯೂ ಈ ಡಬ್ಬಿಗೆ ಬೀಳಬಾರದು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ.

ಈ ಎಣ್ಣೆಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಉಪ್ಪಿನ ಹಾಗೆ ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಶಾಖ ಬೇಕು. ತೇವ ಹಿಡಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಸ್ಲೇವ್ ಸಿಲಿಂಡರ್ ಇರುವುದು ಇಂಜಿನ್ನಿನ ಬಿಸಿಯ ಪಕ್ಕದಲ್ಲಿ. ಕಬ್ಬಾಳಮ್ಮನ ಜಾತ್ರೆಯ ಜನಸಂದಣಿಯಲ್ಲಿ ಅರ್ಧ ಕ್ಲಚ್ಚಿನಲ್ಲಿ ಇಂಚಿಂಚೇ ಸರಿಯುವಾಗ ಹಳೆಯ ಎಣ್ಣೆಯಲ್ಲಿ ಆವಿಯ ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಬೀಳಬಹುದು, ಗಾಡಿ ತಣ್ಣಗಾದ ಮೇಲೆ ತಾನೇ ಸರಿಹೋಗಬಹುದು. ಮಧ್ಯಾಹ್ನ ಕೆಟ್ಟು ಸಂಜೆ ಸರಿಯಾಗುವ ಕ್ಲಚ್ಚಿಗೆ ದೃಷ್ಟಿ ತೆಗೆಸಬೇಡಿ, ಎಣ್ಣೆ ಬದಲಿಸಿ. ಗಾಡಿಯ ಪುಸ್ತಕದಲ್ಲಿ ಬೇರೆ ಹೇಳಿರದಿದ್ದರೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಅರ್ಧ ಉಳಿದ ಹಳೆಯ ಬಾಟಲಿಯನ್ನು ಜೋಪಾನ ಮಾಡಬೇಡಿ. ಅದು ವಿಷ. ದನ ಕರುಗಳ ಬಾಯಿಗೆ, ಮಕ್ಕಳ ಕೈಗೆ ಸಿಗಬಾರದು. ಹಾಲಿನ ಅಳತೆ ಪಾತ್ರೆಯಲ್ಲಿ ಅದನ್ನು ಸುರಿಯುವುದನ್ನು ಒಮ್ಮೆ ಕಂಡು ನಾನು ಜಗಳವಾಡಿದ್ದೇನೆ.

ಓಡಿಸುವ ಅಭ್ಯಾಸದ ಬಗ್ಗೆ ಒಂದೆರಡು ಮಾತು. ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬೇಡಿ. ಏರಿನಲ್ಲಿ ಕ್ಲಚ್ ಹಿಡಿದು ಗಾಡಿ ನಿಲ್ಲಿಸುವ ಬದಲು ಹ್ಯಾಂಡ್ ಬ್ರೇಕ್ ಬಳಸಿ. ಮಾವಿನ ಕಾಲದಲ್ಲಿ ಕಾರಿನ ಹಿಂದಿನ ಸೀಟು ತೆಗೆದು ಕ್ರೇಟು ತುಂಬುವವರಿಗೆ ಇದನ್ನು ಎರಡು ಸಲ ಹೇಳಬೇಕು.

ದಾರಿಯಲ್ಲಿ ಕ್ಲಚ್ ಪೂರ್ತಿ ಹೋದರೆ? ಇಂಜಿನ್ ನಿಲ್ಲಿಸಿ, ಮೊದಲ ಗೇರಿಗೆ ಹಾಕಿ, ಚಾವಿ ತಿರುಗಿಸಿ ಹೊರಡಬಹುದು ಎಂದು ಹಳೆಯ ಡ್ರೈವರುಗಳು ತೋರಿಸಿಕೊಡುತ್ತಾರೆ. ಬ್ರೇಕ್ ಸರಿಯಾಗಿದೆ ಎಂದು ಖಚಿತವಿದ್ದು, ಮುಂದೆ ಯಾರೂ ಇಲ್ಲದಿದ್ದರೆ, ಗಾಡಿಯನ್ನು ಬದಿಗೆ ತರುವ ಮಟ್ಟಿಗೆ ಮಾತ್ರ ಆ ವಿದ್ಯೆ ಸಾಕು. ಅದನ್ನೇ ನೆಚ್ಚಿಕೊಂಡು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಹತ್ತಬೇಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಹಿಂದಿನಿಂದ ಬರುವವನ ವೇಗವೇ ಬೇರೆ. ಅಲ್ಲಿ ಕೆಟ್ಟು ನಿಂತರೆ ಎಡ ಅಂಚಿಗೆ ಸರಿದು, ಎಚ್ಚರಿಕೆಯ ದೀಪ ಹಾಕಿ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು 1033ಕ್ಕೆ ಫೋನ್ ಮಾಡಿ. ಹಾಲಿನ ಕ್ಯಾನ್ ಇಳಿಸಿಕೊಳ್ಳುತ್ತೇವೆಂದು ಗಾಡಿಯ ಹಿಂದೆ ನಿಲ್ಲಬೇಡಿ.

ಕೊನೆಯದಾಗಿ ಗಾಳಿ ತೆಗೆಯುವುದು. ಸೋರಿಕೆ ಸರಿಮಾಡಿದ ಮೇಲೆ ಮಾಡುವ ಕೆಲಸ ಇದು, ಸೋರಿಕೆಗೆ ಮದ್ದಲ್ಲ. ಇಬ್ಬರು ಬೇಕು. ಸ್ಲೇವಿನ ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಗೆ ಬಿಟ್ಟು ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ಹಾಗೆಯೇ ಒಳಗೆ ಬರುತ್ತದೆ. ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೆ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ. ಹೊರಗೆ ಬೇವಿನ ಮರದ ಕೆಳಗೆ ಒಂದು ಜೀಪಿನ ಬಾನೆಟ್ ಎತ್ತಿ ಇಟ್ಟಿದ್ದೇವೆ, ಅದಕ್ಕೆ ಬೇಕೆಂದೇ ಗಾಳಿ ಹಿಡಿಸಿದ್ದೇವೆ. ಊಟದ ಗಂಟೆಗೆ ಇನ್ನೂ ಹೊತ್ತಿದೆ. ಪೆಡಲ್ ಒತ್ತಲು ಒಬ್ಬರು, ಸ್ಪ್ಯಾನರ್ ಹಿಡಿಯಲು ಒಬ್ಬರು ಬನ್ನಿ. ಹಿಂದಿನ ಸಾಲಿನಲ್ಲಿ ನಕ್ಕವರೇ ಮೊದಲು ಬಂದರೆ ಸಂತೋಷ.