ಸೇನಾನಾಯಕರ ಮಾತಿನಲ್ಲಿ ಶಿಸ್ತು, ಧೈರ್ಯ, ನಾಯಕತ್ವ

(ಉತ್ಸವದ ಸಭಾ ಕಾರ್ಯಕ್ರಮದಲ್ಲಿ ಊರಿನ ನಿವೃತ್ತ ಸೈನಿಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಸೈನ್ಯದಲ್ಲಿ ನನಗೆ ಆಜ್ಞೆ ಕೇಳಿ ಅಭ್ಯಾಸವೇ ಹೊರತು ಮೈಕಿನ ಮುಂದೆ ನಿಂತು ಅಲ್ಲ. ಆದರೆ ಸಮಿತಿಯವರು, ಸ್ವಯಂಸೇವಕರಿಗೆ ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆ ಮಾಡಿದ್ದಾರೆ. ನನ್ನ ಮಾತಿಗಿಂತ ದೊಡ್ಡವರ ಮಾತನ್ನೇ ತಮ್ಮ ಮುಂದಿಡುತ್ತೇನೆ.

ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ ಡೆಹ್ರಾಡೂನಿನಲ್ಲಿದೆ. 1932ರಲ್ಲಿ ಅದರ ಉದ್ಘಾಟನೆ ಮಾಡಿದವರು ಆಗಿನ ಮಹಾದಂಡನಾಯಕ ಫಿಲಿಪ್ ಚೆಟ್‌ವುಡ್. ದೇಶದ ಸುರಕ್ಷೆ, ಮಾನ, ಕ್ಷೇಮ ಯಾವಾಗಲೂ ಮೊದಲು. ನಿನ್ನ ಕೈಕೆಳಗಿನ ಸೈನಿಕರ ಮಾನ, ಕ್ಷೇಮ, ಸೌಕರ್ಯ ಆಮೇಲೆ. ನಿನ್ನ ಸ್ವಂತ ಸುಖ, ಸುರಕ್ಷೆ ಯಾವಾಗಲೂ ಕೊನೆಗೆ ಎಂದು ಅವರು ಹೇಳಿದರು. ಹೇಳಿದವರು ಆಂಗ್ಲರು. ಆದರೂ ಸ್ವತಂತ್ರ ಭಾರತದ ಸೈನ್ಯ ಆ ಮಾತನ್ನು ಬಿಡಲಿಲ್ಲ. ಇಂದಿಗೂ ಅಲ್ಲಿನ ಸಭಾಂಗಣದಲ್ಲಿ ಅದನ್ನು ಬರೆದಿಟ್ಟಿದ್ದಾರೆ.

ನಾನು ಆ ಅಕಾಡೆಮಿ ಕಂಡವನಲ್ಲ, ಸಾಮಾನ್ಯ ಸಿಪಾಯಿ. ಆದರೆ ಆ ಮಾತನ್ನು ಲಂಗರಿನಲ್ಲಿ ಕಂಡಿದ್ದೇನೆ. ಲಂಗರು ಎಂದರೆ ನಮ್ಮ ಅಡುಗೆಮನೆ. ಚಳಿಯ ಚೌಕಿಯಲ್ಲಿ ನಮ್ಮ ಅಧಿಕಾರಿ, "ಎಲ್ಲರದ್ದೂ ಊಟ ಆಯಿತೇ?" ಎಂದು ಕೇಳದೆ ತಟ್ಟೆ ಹಿಡಿದದ್ದನ್ನು ನಾನು ನೋಡಲಿಲ್ಲ. ಅಂಥವರು "ಮುಂದೆ ಹೋಗು" ಎಂದಾಗ "ಯಾಕೆ" ಎಂದು ಕೇಳಲು ನಾಲಿಗೆ ಏಳುತ್ತಿರಲಿಲ್ಲ.

ನಮ್ಮ ಪಾಣತ್ತೂರು ದಾಟಿದರೆ ಕೊಡಗು. ಆ ನೆಲದಲ್ಲಿ 1899ರಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿ 15ರಂದು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದು ಸೇನಾ ದಿನ. 1965ರ ಯುದ್ಧದಲ್ಲಿ ಅವರ ಮಗ, ವಾಯುಸೇನೆಯ ಪೈಲಟ್, ವಿಮಾನಕ್ಕೆ ಗುಂಡು ತಗಲಿ ಪಾಕಿಸ್ತಾನದ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಆ ಗೌರವದಿಂದ, ಮಗನನ್ನು ಬಿಟ್ಟುಬಿಡುತ್ತೇವೆಂದು ಸೂಚಿಸಿದರು. ನಿವೃತ್ತರಾಗಿದ್ದ ಕಾರ್ಯಪ್ಪನವರು ಒಪ್ಪಲಿಲ್ಲ. ಅವನೊಬ್ಬನೇ ಅಲ್ಲ, ನಿಮ್ಮ ಸೆರೆಯಲ್ಲಿರುವ ಎಲ್ಲ ಯೋಧರೂ ನನ್ನ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರು.

ತಾಯಂದಿರೇ, ಈ ಮಾತಿಗೆ ಚಪ್ಪಾಳೆ ತಟ್ಟುವುದು ಸುಲಭ. ನನ್ನ ಮಗನಾಗಿದ್ದರೆ ನಾನು ಹಾಗೆ ಹೇಳುತ್ತಿದ್ದೆನೇ ಎಂದು ಹಲವು ರಾತ್ರಿ ಯೋಚಿಸಿದ್ದೇನೆ. ಹೌದೆನ್ನುವ ಧೈರ್ಯ ನನಗಿಲ್ಲ. ಮಗ ಮುಂದೆ ಬಿಡುಗಡೆಯಾಗಿ ಬಂದರು, ಏರ್ ಮಾರ್ಷಲ್ ಪದವಿಗೂ ಏರಿದರು. ಆದರೆ ಮಾತಾಡಿದ ದಿನ ತಂದೆಗೆ ಅದು ಗೊತ್ತಿರಲಿಲ್ಲವಲ್ಲ!

ಧೈರ್ಯಕ್ಕೆ ಇನ್ನೊಂದು ಮುಖವೂ ಇದೆ. 1971ರ ಏಪ್ರಿಲಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಪೂರ್ವ ಪಾಕಿಸ್ತಾನದ ವಿಷಯದಲ್ಲಿ ಕೂಡಲೇ ಕ್ರಮ ಕೈಗೊಳ್ಳಲು ಬಯಸಿದಾಗ, ಸೇನಾ ಮುಖ್ಯಸ್ಥ ಮಾಣೆಕ್ ಷಾ ಅವರು ಈಗ ಆಗದೆಂದರು. ಮಳೆಗಾಲ ಹತ್ತಿರವಿದೆ, ಪಡೆಗಳು ಸಿದ್ಧವಿಲ್ಲ, ಸೋಲುತ್ತೇವೆ ಎಂದು ಮುಖಕ್ಕೇ ಹೇಳಿ, ರಾಜೀನಾಮೆಗೂ ತಯಾರಾದರು. ಪ್ರಧಾನಿಯವರು ಕೇಳಿಕೊಂಡರು. ಡಿಸೆಂಬರ್ 3ಕ್ಕೆ ಆರಂಭವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. ಸುಮಾರು 93 ಸಾವಿರ ಮಂದಿ ಸೆರೆಯಾದರು. ಹೂಂಗುಟ್ಟುವುದು ಶಿಸ್ತಲ್ಲ. ನಿಜ ಹೇಳುವುದು, ನಿರ್ಧಾರವಾದ ಮೇಲೆ ಪ್ರಾಣವೊಡ್ಡಿ ದುಡಿಯುವುದು ಶಿಸ್ತು.

ಸ್ವಯಂಸೇವಕ ಮಿತ್ರರೇ, ಸಂತರ್ಪಣೆಯ ದಿನ ಎದೆಗೆ ಬ್ಯಾಡ್ಜ್ ಹಾಕಿಕೊಂಡು ಸೀಟಿ ಊದಲು ಯಾರಿಗೂ ಆಗುತ್ತದೆ. ಎಲ್ಲರಿಗೂ ಬಡಿಸಿ, ಕೊನೆಯ ಪಂಕ್ತಿಯಲ್ಲಿ ಸಾರು ತಳ ಕಂಡಿದ್ದರೂ ನಗುತ್ತಾ ಉಣ್ಣುವವನೇ ನಾಯಕ. ಅವನು "ಸಾಲಿನಲ್ಲಿ ನಿಲ್ಲಿ" ಎಂದರೆ ಊರು ನಿಲ್ಲುತ್ತದೆ.

 ಜೈ ಹಿಂದ್.