ಮೊಬೈಲ್ ಫೋನಿನ ಮುಂದಿನ ದಿನಗಳು

(ಸಿ.ಎಸ್. ಪುರದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊಬೈಲಿನ ಭವಿಷ್ಯದ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿದ್ದಾರೆ. ಭವಿಷ್ಯ ಹೇಳುವುದು ನನ್ನ ಕೆಲಸವಲ್ಲ. ಆದರೆ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರೆ ಮುಂದಿನ ದಾರಿ ಸ್ವಲ್ಪ ಕಾಣಿಸುತ್ತದೆ.

ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಹಳ್ಳಿಗಳಿಗೆಂದೇ ನಮ್ಮ ದೇಶದ ಸಿ-ಡಾಟ್ ಸಂಸ್ಥೆ 128 ಲೈನುಗಳ ಒಂದು ಸಣ್ಣ ಎಕ್ಸ್‌ಚೇಂಜನ್ನು ತಯಾರಿಸಿತು. ಅದರ ಮೊದಲನೆಯದು 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಅದಕ್ಕೆ ಎ.ಸಿ. ಕೋಣೆ ಬೇಕಿರಲಿಲ್ಲ; ಧೂಳು, ಸೆಕೆ ಎರಡನ್ನೂ ತಡೆದುಕೊಳ್ಳುತ್ತಿತ್ತು. ವಿದೇಶದ ಯಂತ್ರವನ್ನು ತಂದು ಹಳ್ಳಿಯಲ್ಲಿಟ್ಟಿದ್ದಲ್ಲ, ಹಳ್ಳಿಯನ್ನು ನೋಡಿ ಯಂತ್ರ ಮಾಡಿದ್ದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರೊಡನೆ ಮಾತನಾಡಿದರು. ಅದು ಭಾರತದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಅದು ನಿಂತದ್ದು 2003ರಲ್ಲಿ. ಹಾಗಾಗಿ ಮೊಬೈಲನ್ನು ನಮ್ಮ ಊರಿಗೆ ತಂದದ್ದು ಬರೀ ವಿಜ್ಞಾನವಲ್ಲ, ಇಳಿದ ದರವೂ ಹೌದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಇಂಟರ್‌ನೆಟ್ ವಿಷಯದಲ್ಲೂ ಇದೇ ಆಯಿತು.

ಈಗ ಮುಂದಿನದನ್ನು ನೋಡೋಣ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಆರಂಭವಾಯಿತು. 2030ರ ಹೊತ್ತಿಗೆ 6ಜಿ ಬರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸಿದ್ಧತೆ ನಡೆಸಿದೆ. ಇಲ್ಲಿ ಒಂದು ತೊಡಕಿದೆ. ಅಲೆಗಳ ಕಂಪನ ಹೆಚ್ಚಾದಷ್ಟೂ ಹೆಚ್ಚು ಮಾಹಿತಿ ಸಾಗಿಸಬಹುದು, ಆದರೆ ಅಂಥ ಅಲೆ ದೂರ ಹೋಗುವುದಿಲ್ಲ. ಗೋಡೆ ಅಡ್ಡ ಬಂದರೆ, ಎಲೆಗಳಲ್ಲಿರುವ ನೀರಿನಂಶ ಅಡ್ಡ ಬಂದರೆ ಸೊರಗುತ್ತದೆ. ನಮ್ಮದು ತೆಂಗು, ಅಡಿಕೆಯ ಸೀಮೆ. ತೋಟದೊಳಗೆ ಹೋದರೆ ಮಾತು ತುಂಡು ತುಂಡಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಬೆಂಗಳೂರಿನ ರಸ್ತೆಗೆ ಹೊಂದುವ 6ಜಿ ಗುಬ್ಬಿಯ ತೋಟಕ್ಕೆ ತಾನಾಗಿ ಹೊಂದುವುದಿಲ್ಲ.

ಇದಕ್ಕೆ ಒಂದು ಉತ್ತರ ಆಕಾಶದಿಂದ ಬರುತ್ತಿದೆ. 2025ರ ಡಿಸೆಂಬರ್ 24ರಂದು ನಮ್ಮ ಇಸ್ರೋ ಶ್ರೀಹರಿಕೋಟಾದಿಂದ ಅಮೆರಿಕದ ಕಂಪನಿಯೊಂದರ ಬ್ಲೂಬರ್ಡ್ ಎಂಬ ಉಪಗ್ರಹವನ್ನು ಹಾರಿಸಿತು. ಅದರ ಆಂಟೆನಾ ಬಿಚ್ಚಿಕೊಂಡಾಗ ಸುಮಾರು 2,400 ಚದರ ಅಡಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ನಲವತ್ತು-ಅರವತ್ತರ ಸೈಟು! ನಾವು ಕೈಯಲ್ಲಿ ಹಿಡಿಯುವ ಸಾಮಾನ್ಯ ಫೋನಿಗೆ ಟವರಿನ ನೆರವಿಲ್ಲದೆ ನೇರವಾಗಿ ಸಂಪರ್ಕ ಕೊಡುವುದು ಅದರ ಉದ್ದೇಶ. ಬಂದರೆ ಒಳ್ಳೆಯದೇ. ಆದರೆ ದರ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ, ಅದನ್ನು 1995ರ ಕಥೆಯೇ ಹೇಳುತ್ತದೆ.

ವೇಗಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ ಎಂದು ನನ್ನ ಅಭಿಪ್ರಾಯ. ಫೋನು ನಮ್ಮ ಮಾತನ್ನು ಅರ್ಥ ಮಾಡಿಕೊಳ್ಳುತ್ತಿದೆ. ಅಕ್ಷರ ಬಾರದ ಅಜ್ಜಿಯೂ ಬಾಯಲ್ಲಿ ಕೇಳಿ ಉತ್ತರ ಪಡೆಯುವ ದಿನ ದೂರವಿಲ್ಲ. ಬಟನ್ ಫೋನಿನಿಂದ ಇಂಟರ್‌ನೆಟ್ ಇಲ್ಲದೆ ಹಣ ಕಳಿಸುವ ಯುಪಿಐ 123ಪೇ 2022ರಲ್ಲೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತ ಬಂದಿದೆ. ಯಾಕೆಂದರೆ ಯಂತ್ರ ಕೇಳಿಸಿಕೊಂಡ ಮಾತನ್ನಷ್ಟೇ ಕಲಿಯುತ್ತದೆ. ಪಠ್ಯಪುಸ್ತಕದ ಕನ್ನಡ ಕಲಿತ ಫೋನಿಗೆ ನಮ್ಮ ಸಂತೆಯ ಕನ್ನಡ ಕಷ್ಟ. ನಮ್ಮ ಮನೆಗಳ ದಖ್ಖನಿಯಂತೂ ಇನ್ನೂ ಕಷ್ಟ. ಫೋನಿನ ಭಾಷೆಗಳ ಪಟ್ಟಿಯಲ್ಲಿ ಉರ್ದು ಇದೆ, ದಖ್ಖನಿ ಇಲ್ಲ. ‘ನಕ್ಕೋ’ ಎಂದರೆ ಬೇಡ ಎಂದು ಈ ಸಭೆಯಲ್ಲಿರುವ ಮೂರು ವರ್ಷದ ಮಗುವಿಗೂ ಗೊತ್ತು. ಆ ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಕಿತ್ತೂರಿನ ಎಕ್ಸ್‌ಚೇಂಜಿನಂತೆ ಇಲ್ಲಿಯೂ ನಮ್ಮನ್ನು ನೋಡಿ ಯಂತ್ರ ಮಾಡುವವರು ಬೇಕು. ಅವರು ಎಲ್ಲಿಂದ ಬರಬೇಕು? ಈ ಬೆಂಚುಗಳಲ್ಲಿ ಕುಳಿತ ಮಕ್ಕಳಿಂದಲೇ ಬರಬೇಕು.

ಉದ್ಯೋಗದ ಬಗ್ಗೆ ಎರಡು ಮಾತು. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ತಯಾರಾಗುತ್ತಿದೆ. ಅಲ್ಲಿ ಜೋಡಣೆಯ ಕೆಲಸ ಸಿಗುತ್ತದೆ, ಸಂತೋಷ. ಆದರೆ ಆ ಕೆಲಸವನ್ನು ನಾಳೆ ಯಂತ್ರವೂ ಮಾಡೀತು. ಅದೇ ಬೆಂಗಳೂರಿನಲ್ಲಿ ಚಿಪ್ಪು ವಿನ್ಯಾಸ ಮಾಡುವ, ನೆಟ್‌ವರ್ಕ್ ಉಪಕರಣ ಮಾಡುವ ಕಂಪನಿಗಳಿವೆ; ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಉಪಕರಣ ಕೊಟ್ಟ ತೇಜಸ್ ನೆಟ್‌ವರ್ಕ್ಸ್ ಬೆಂಗಳೂರಿನದೇ. ಅಲ್ಲಿಗೆ ಹೋಗಲು ಗಣಿತ, ಭೌತಶಾಸ್ತ್ರ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿ ಓದು ಬಿಡುವ ಹುಡುಗರಿಗೆ ಈ ಮಾತು. ರಿಪೇರಿ ಅಂಗಡಿ ನಡೆಸುವ ತಮ್ಮಂದಿರೂ ಕೇಳಬೇಕು. ಹೊಸ ಫೋನುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಕೆಲವು ಕಂಪನಿಗಳ ಫೋನಿನಲ್ಲಿ ಬಿಡಿಭಾಗ ಬದಲಿಸಿದರೆ ಸಾಫ್ಟ್‌ವೇರ್ ಅದನ್ನು ಒಪ್ಪುವುದೇ ಇಲ್ಲ. ಸೋಲ್ಡರಿಂಗ್ ಕಬ್ಬಿಣದ ಜೊತೆಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಇಲ್ಲದಿದ್ದರೆ ಈ ಕಸುಬು ಹೆಚ್ಚು ದಿನ ನಡೆಯುವುದು ಕಷ್ಟ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ವಿಷಯ. ತಾಯಂದಿರೇ, ತಂದೆಯರೇ, ನಿಮ್ಮ ಮನೆಯ ಮಗಳ ಕೈಯಲ್ಲಿ ಫೋನ್ ಇದೆಯೇ? 2020ರಲ್ಲಿ ಶಾಲೆ ಮುಚ್ಚಿದಾಗ ಮನೆಯ ಒಂದೇ ಫೋನ್ ಯಾರಿಗೆ ಸಿಕ್ಕಿತು ಎಂದು ನೆನಪು ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಣ್ಣನಿಗೆ ಸಿಕ್ಕಿತು. ಇಂದು ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರವೇಶ, ಬ್ಯಾಂಕಿನ ಖಾತೆ ಎಲ್ಲಕ್ಕೂ ಓಟಿಪಿ ಬೇಕು. ನಂಬರ್ ಅಪ್ಪನದು, ಅಪ್ಪ ಮಾರ್ಕೆಟ್ಟಿನಲ್ಲಿ, ಓಟಿಪಿಯ ಆಯುಸ್ಸು ಕೆಲವೇ ನಿಮಿಷ. ಹುಡುಗಿ ಸೈಬರ್ ಸೆಂಟರಿನಲ್ಲಿ ನಿಂತೇ ಇರುತ್ತಾಳೆ. ಮುಂದೆ ಇದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಫೋನೇ ಗುರುತಿನ ಚೀಟಿ, ಫೋನೇ ಪರ್ಸು ಆಗುವ ಕಾಲದಲ್ಲಿ ತನ್ನದೇ ನಂಬರ್ ಇಲ್ಲದವಳು ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳಬೇಕಾಗುತ್ತದೆ.

ನಿಮ್ಮ ಹೆದರಿಕೆ ನನಗೆ ಗೊತ್ತು. ಒಂದು ಫೋಟೋದಿಂದ ಸುಳ್ಳು ವೀಡಿಯೋ ಮಾಡಿ ಹೆದರಿಸುವವರಿದ್ದಾರೆ. ಪೊಲೀಸರಂತೆ ವೀಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎನ್ನುವವರಿದ್ದಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಈ ಮೋಸಗಳು ಮುಂದೆ ಇನ್ನೂ ನಿಜದಂತೆ ಕಾಣುತ್ತವೆ, ನಿಮ್ಮ ಮಗನ ದನಿಯಲ್ಲೇ ಹಣ ಕೇಳುತ್ತವೆ. ಆದರೆ ಫೋನ್ ಕಿತ್ತುಕೊಳ್ಳುವುದು ಇದಕ್ಕೆ ಮದ್ದಲ್ಲ. ವಿಷಯ ತಿಳಿದರೆ ಫೋನ್ ಹೋಗುತ್ತದೆ, ಅದರೊಡನೆ ಕಾಲೇಜೂ ಹೋಗುತ್ತದೆ ಎಂಬ ಭಯವಿದ್ದರೆ ಮಗಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಬೇಕಾದದ್ದು ಆ ಮೌನವೇ. ಆದ್ದರಿಂದ ಇವತ್ತೇ ಮನೆಗೆ ಹೋಗಿ ಹೇಳಿ: ಏನೇ ಆದರೂ ಮೊದಲು ಅಮ್ಮನಿಗೆ ಹೇಳು, ಫೋನ್ ಕಿತ್ತುಕೊಳ್ಳುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಫೋನ್ ಕಳೆದರೆ ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು, ಅದಕ್ಕೆ ಐಎಂಇಐ ಸಂಖ್ಯೆ ಬೇಕು. ಈಗಲೇ ನಿಮ್ಮ ಫೋನ್ ತೆಗೆದು ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿ. ಕಾಣುವ ಹದಿನೈದು ಅಂಕಿಗಳನ್ನು ಮಕ್ಕಳ ನೋಟ್ ಪುಸ್ತಕದಲ್ಲಿ ಬರೆಸಿಡಿ. ಎಲ್ಲರೂ ಬರೆದಾದ ಮೇಲೆ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ, ಹೆಣ್ಣುಮಕ್ಕಳ ಪ್ರಶ್ನೆ ಮೊದಲು.